ಮನೆ ಚಿಕ್ಕದಾದರೆ ಸಾಕೆ?

ಬೌದ್ಧಿಕ ಅಂಗವೈಕಲ್ಯ ಇರುವವರ ವಸತಿ ಮನೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ವಿಶೇಷ ಶಿಕ್ಷಕಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮಗನಿಗೆ 34 ವರ್ಷ, ಡೌನ್ ಸಿಂಡ್ರೋಮ್. ಯಜಮಾನರು ಹೋದ ಮೇಲೆ ನನ್ನೊಬ್ಬಳ ಕೈಯಲ್ಲಿ ಆಗುತ್ತಿಲ್ಲ. ಎರಡು ಹೋಮ್ ನೋಡಿ ಬಂದೆ. ಒಂದರಲ್ಲಿ 60 ಜನ. ಇನ್ನೊಂದು ಬಾಡಿಗೆ ಮನೆ, ಎಂಟೇ ಜನ. ಚಿಕ್ಕದೇ ವಾಸಿ ಅಂತ ಎಲ್ಲರೂ ಹೇಳುತ್ತಾರೆ. ಹೌದೆ? ಒಳಗೆ ಹೋದಾಗ ಏನು ನೋಡಬೇಕು?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಅಮ್ಮಾ, ಚಿಕ್ಕದು ವಾಸಿ ಎನ್ನುವುದು ಅರ್ಧ ನಿಜ. ಬ್ರಿಟನ್ನಿನಲ್ಲಿ ದೊಡ್ಡ ಆಸ್ಪತ್ರೆಗಳನ್ನು ಮುಚ್ಚಿ ಇಂಥವರನ್ನು ಸಣ್ಣ ಮನೆಗಳಿಗೆ ಕರೆತಂದಾಗ ಅದರ ಫಲವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಪ್ರೊಫೆಸರ್ ಜಿಮ್ ಮ್ಯಾನ್ಸೆಲ್. ಸಣ್ಣ ಮನೆಯಲ್ಲಿ ಬದುಕು ಒಟ್ಟಾರೆ ಸುಧಾರಿಸುತ್ತದೆ, ಆದರೆ ಅಷ್ಟೇ ಸಣ್ಣ ಎರಡು ಮನೆಗಳ ನಡುವೆಯೂ ಅಜಗಜಾಂತರ ಇರಬಹುದು ಎಂಬುದು ಅವರು ಕಂಡ ಸಂಗತಿ. ಸಿಬ್ಬಂದಿ ಎಲ್ಲವನ್ನೂ ಇವರಿಗಾಗಿ ಮಾಡಿ ಮುಗಿಸುತ್ತಾರೋ, ಇವರ ಜೊತೆ ಕೂತು ಮಾಡುತ್ತಾರೋ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ನಾನು ನೋಡಿದ ಎರಡು ಮನೆಗಳ ಮಾತು ಹೇಳುತ್ತೇನೆ. ಎರಡರಲ್ಲೂ ಆರೇಳು ಜನ. ಮೊದಲನೆಯದರಲ್ಲಿ ಟೈಲ್ಸ್ ನೆಲ ಫಳಫಳ. ಟಿವಿಯಲ್ಲಿ ಧಾರಾವಾಹಿ ಓಡುತ್ತಿದೆ, ಅದರ ಎದುರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆರು ಗಂಡಸರು ಸಾಲಾಗಿ ಕೂತಿದ್ದಾರೆ. ನಾನಿದ್ದ ಒಂದೂವರೆ ಗಂಟೆಯಲ್ಲಿ ಯಾರೂ ಅವರೊಂದಿಗೆ ಮಾತಾಡಲಿಲ್ಲ. ಎರಡನೆಯ ಮನೆಯಲ್ಲಿ ನೆಲದ ತುಂಬ ಅವರೆಕಾಯಿ ಸಿಪ್ಪೆ. ಮಾತೇ ಬಾರದ ಒಬ್ಬರು ಪಾತ್ರೆ ಮುಂದಿಟ್ಟುಕೊಂಡು ನೆನೆಸಿದ ಕಾಳು ಹಿಸುಕುತ್ತಿದ್ದರು. ಹತ್ತು ಕಾಳಿನಲ್ಲಿ ನಾಲ್ಕು ಪಾತ್ರೆಗೆ, ಉಳಿದದ್ದು ನೆಲಕ್ಕೆ. ಅಡುಗೆಯಾಕೆ ಬಿದ್ದದ್ದನ್ನು ಆರಿಸಿ ತೊಳೆದು ಮತ್ತೆ ಅವರ ಅಂಗೈಗೇ ಹಾಕುತ್ತಿದ್ದಳು. ರಾತ್ರಿ ಹಿತಕಿದ ಬೇಳೆ ಸಾರು ಬಡಿಸುವಾಗ ಅವರು ಬಟ್ಟಲು ತೋರಿಸಿ ಎದೆ ತಟ್ಟಿಕೊಂಡರು. ನನ್ನ ಲೆಕ್ಕದಲ್ಲಿ ಒಳ್ಳೆಯ ಆರೈಕೆ ಅಂದರೆ ಅದೇ.

ಹೇಳದೆ ಕೇಳದೆ ಸಂಜೆ ನಾಲ್ಕೂವರೆಗೆ ಹೋಗಿ. ಹಲ್ಲುಜ್ಜುವ ಬ್ರಷ್‌ಗಳು ಒಂದೇ ಮಗ್‌ನಲ್ಲಿ ಗುರುತಿಲ್ಲದೆ ಬಿದ್ದಿವೆಯೇ ನೋಡಿ. ಬಟ್ಟೆ ಅವರವರದೋ, ಗುಡ್ಡೆಯಿಂದ ಕೈಗೆ ಸಿಕ್ಕಿದ್ದೋ? ಬಚ್ಚಲಿಗೆ ಒಳಚಿಲಕ ಇದೆಯೇ? ಕಾಫಿಯೋ ಟೀಯೋ ಎಂದು ಯಾರಾದರೂ ಕೇಳುತ್ತಾರೆಯೇ? ನೋಂದಣಿ ಪತ್ರವನ್ನೂ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗಳು ನೋಂದಣಿಯಿಲ್ಲದೆ ಇಂಥ ಮನೆ ನಡೆಸುವಂತಿಲ್ಲ. ಪತ್ರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರಬೇಕು.

ಇನ್ನೊಂದು ಮಾತು. ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಉಳಿದವರಿಗಿಂತ ಬೇಗ ಬರುವುದುಂಟು. ಹಾಗಾದರೆ ನೋಡಿಕೊಳ್ಳುತ್ತೀರಾ, ವಾಪಸು ಕಳಿಸುತ್ತೀರಾ ಎಂದು ಈಗಲೇ ಬಾಯಿಬಿಟ್ಟು ಕೇಳಿ.

ಪ್ರಶ್ನೆ: ತಂಗಿ ಹೋಮ್ ಸೇರಿ ಎರಡು ವರ್ಷ. ಮೊದಲು ಗಲಾಟೆ ಮಾಡುತ್ತಿದ್ದಳು, ತಲೆ ಚಚ್ಚಿಕೊಳ್ಳುತ್ತಿದ್ದಳು. ಈಗ ‘ಚೆನ್ನಾಗಿ ಹೊಂದಿಕೊಂಡಿದ್ದಾಳೆ’ ಎನ್ನುತ್ತಾರೆ. ವಿಡಿಯೊ ಕಾಲ್‌ನಲ್ಲಿ ನೋಡಿದರೆ ತೂಕಡಿಸುತ್ತಿರುತ್ತಾಳೆ. ತುಂಬ ದಪ್ಪ ಆಗಿದ್ದಾಳೆ. ನಾನಿರುವುದು ಹೊರದೇಶದಲ್ಲಿ. ಅನುಮಾನ ಪಡುವುದು ತಪ್ಪೇ?
– ಒಬ್ಬ ಅಣ್ಣ

ಉತ್ತರ: ತಪ್ಪಲ್ಲ. ಸುಮ್ಮನಿರುವುದಕ್ಕೂ ಸುಖವಾಗಿರುವುದಕ್ಕೂ ವ್ಯತ್ಯಾಸ ಇದೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ, ಯಾವ ವೈದ್ಯರು ಬರೆದದ್ದು, ಕೊನೆಯ ಸಲ ಮರುಪರಿಶೀಲಿಸಿದ್ದು ಯಾವಾಗ ಎಂದು ಬರವಣಿಗೆಯಲ್ಲಿ ಕೇಳಿ. ರಿಸ್ಪೆರಿಡೋನ್‌ನಂಥ ಮಾತ್ರೆಗಳಿಂದ ಮಂಪರು ಬರಬಹುದು, ತೂಕವೂ ಏರಬಹುದು. ಕೆಲವರಿಗೆ ಅವು ನಿಜಕ್ಕೂ ಬೇಕು. ಆದರೆ ಆಳು ಕಡಿಮೆ ಇರುವ ಮನೆಯಲ್ಲಿ ಆಳಿನ ಬದಲು ಮಾತ್ರೆ ಕೆಲಸ ಮಾಡುವುದೂ ಇದೆ. ಇದು ನಮ್ಮಲ್ಲಿ ಮಾತ್ರವಲ್ಲ. ತಕ್ಕ ವೈದ್ಯಕೀಯ ಕಾರಣವಿಲ್ಲದೆ ಮನೋರೋಗದ ಅಥವಾ ಖಿನ್ನತೆಯ ಮಾತ್ರೆ ನುಂಗುತ್ತಿರುವ, ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರು ಇಂಗ್ಲೆಂಡಿನಲ್ಲಿ 30,000ದಿಂದ 35,000 ಇದ್ದಾರೆಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಇದನ್ನು ತಗ್ಗಿಸಲು ಮರುವರ್ಷವೇ ಅಲ್ಲಿ ಆಂದೋಲನ ಶುರುವಾಯಿತು.

ತಲೆ ಚಚ್ಚಿಕೊಳ್ಳುವುದು ಹಟವೇ ಆಗಬೇಕೆಂದಿಲ್ಲ. ಹುಳುಕು ಹಲ್ಲು, ಕಿವಿಸೋರು, ಮಲಬದ್ಧತೆ, ಮುಟ್ಟಿನ ನೋವು ಇವೆಲ್ಲ ಮಾತು ಬಾರದವರಲ್ಲಿ ಹೀಗೆ ಹೊರಬರುತ್ತವೆ. ದಂತವೈದ್ಯರಿಗೆ ತೋರಿಸಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಆಮೇಲೆ ಮನೋವೈದ್ಯರೊಂದಿಗೆ ಕೂತು ಮಾತ್ರೆಯ ವಿಷಯ ಎತ್ತಿ. ನೀವಾಗಿ ಏಕಾಏಕಿ ನಿಲ್ಲಿಸಬೇಡಿ, ಅಪಾಯ. ವಾರಕ್ಕೊಮ್ಮೆ ಖುದ್ದಾಗಿ ಹೋಗಿ ಬರುವ ನೆಂಟರನ್ನೋ ಸ್ನೇಹಿತರನ್ನೋ ಊರಿನಲ್ಲಿ ಗೊತ್ತು ಮಾಡಿ. ವಿಡಿಯೊದಲ್ಲಿ ಮೈಮೇಲಿನ ಗಾಯ ಕಾಣುವುದಿಲ್ಲ.

ಪ್ರಶ್ನೆ: ಏಳು ಜನರಿರುವ ಹೋಮ್‌ನಲ್ಲಿ ನಾನು ರಾತ್ರಿ ಪಾಳಿಯ ಆಯಾ. ಇಬ್ಬರು ಹಾಸಿಗೆ ಒದ್ದೆ ಮಾಡುತ್ತಾರೆ ಎಂದು ಸಂಜೆ ಆರರ ಮೇಲೆ ಯಾರಿಗೂ ನೀರು ಕೊಡಬಾರದೆಂದು ಮಾಲೀಕರ ಆರ್ಡರ್. ಒಬ್ಬ ಹುಡುಗ ಬಚ್ಚಲ ಬಕೆಟ್ಟಿನ ನೀರು ಕುಡಿಯುವುದನ್ನು ಕಂಡೆ. ಹೇಳಿದರೆ ಕೆಲಸ ಹೋಗುತ್ತದೆ. ಏನು ಮಾಡಲಿ?
– ಹೆಸರು, ಊರು ಬೇಡ

ಉತ್ತರ: ಅಕ್ಕಾ, ಮೊದಲು ಆ ಹುಡುಗನಿಗೆ ನೀರು ಕೊಡಿ. ಆರೈಕೆಯ ಹೊಣೆ ಹೊತ್ತವರು ಗೊತ್ತಿದ್ದೂ ಅನ್ನ, ನೀರು ತಪ್ಪಿಸುವುದು 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಾಸಿಗೆ ಒದ್ದೆಗೆ ದಾರಿ ಬೇರೆ ಇದೆ. ಸಂಜೆ ಟೀ ಕಡಿಮೆ ಮಾಡಿ, ಮಲಗುವ ಮುಂಚೆ ಮತ್ತು ನಡುರಾತ್ರಿ ಒಮ್ಮೆ ಬಚ್ಚಲಿಗೆ ಕರೆದೊಯ್ಯಿರಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಬರುವ ಫಿಟ್ಸ್ ಇವೆಯೇ ಎಂದು ಪರೀಕ್ಷೆ ಮಾಡಿಸಬೇಕು. ನೀರು ತಪ್ಪಿಸಿದರೆ ಮಲಬದ್ಧತೆ ಆಗುತ್ತದೆ, ಒದ್ದೆಯೂ ಹೆಚ್ಚುತ್ತದೆ.

ಕಂಡದ್ದನ್ನು ದಿನಾಂಕ, ಸಮಯದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಂಥ ಹಿಂಸೆಯ ಬಗ್ಗೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ತಿಳಿಸಬಹುದು. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೂ ಬರೆಯಿರಿ. ಒಬ್ಬರಿಂದ ಏನಾದೀತು ಅನ್ನಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಇದ್ದದ್ದು 24 ಹಾಸಿಗೆ. ಅಲ್ಲಿನ ಹಿಂಸೆಯನ್ನು ಮೊದಲು ಹೇಳಿದವರು ಟೆರಿ ಬ್ರಯನ್ ಎಂಬ ನರ್ಸ್. ಅವರ ದೂರಿಗೆ ಯಾರೂ ಕಿವಿಗೊಡಲಿಲ್ಲ. ಅವರು ಬಿಬಿಸಿಗೆ ಹೋದರು. 2011ರಲ್ಲಿ ರಹಸ್ಯ ಚಿತ್ರೀಕರಣ ಪ್ರಸಾರವಾಯಿತು. ಮರುವರ್ಷ 11 ಸಿಬ್ಬಂದಿಗೆ ಶಿಕ್ಷೆಯಾಯಿತು, ಆರು ಮಂದಿ ಜೈಲು ಸೇರಿದರು.

ಪ್ರಶ್ನೆ: ನಮ್ಮಿಬ್ಬರಿಗೂ ಎಪ್ಪತ್ತು ದಾಟಿದೆ. ಒಂದು ಸೈಟನ್ನು ತಮ್ಮ ಸಂಸ್ಥೆಗೆ ಬರೆದುಕೊಟ್ಟರೆ ಮಗಳನ್ನು ಕೊನೆಯವರೆಗೂ ನೋಡಿಕೊಳ್ಳುತ್ತೇವೆ ಎಂದು ಹೋಮ್‌ನವರು ಹೇಳುತ್ತಾರೆ. ಬರೆದುಕೊಡೋಣವೇ?
– ತಂದೆ, ಮೈಸೂರು

ಉತ್ತರ: ಬೇಡ ಸರ್. ಸೈಟು ಅವರ ಹೆಸರಿಗೆ ಆದ ದಿನವೇ ಮಗಳ ಪರವಾಗಿ ಪ್ರಶ್ನೆ ಕೇಳುವ ನಿಮ್ಮ ಬಲ ಹೋಯಿತು. ತಿಂಗಳಿಗಿಷ್ಟು ಎಂದು ಕೊಟ್ಟು ರಸೀದಿ ಪಡೆಯಿರಿ. ಆಸ್ತಿ ಬೇಕಾದರೆ ಮಗಳ ಹಿತಕ್ಕೆಂದೇ ವಕೀಲರಿಂದ ಟ್ರಸ್ಟ್ ಪತ್ರ ಮಾಡಿಸಿ.

ಮಗಳಿಗೆ 18 ತುಂಬಿದೆ, ಹಾಗಾಗಿ ಕಾನೂನಿನ ಪ್ರಕಾರ ನೀವು ತಾನಾಗಿಯೇ ಪೋಷಕರಾಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನು ಪೋಷಕತ್ವ ಪಡೆಯಬೇಕು. ನಿಮ್ಮ ನಂತರ ಯಾರು ಎಂಬುದನ್ನೂ ಈಗಲೇ ಮನೆಮಂದಿಯೊಂದಿಗೆ ಮಾತಾಡಿ. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದರೆ, ಆಸ್ತಿ ನುಂಗಿದರೆ ಅವರನ್ನು ತೆಗೆದುಹಾಕಲು ಅವಕಾಶ ಇದೆ. ಅದೇ ಟ್ರಸ್ಟಿನ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತದೆ. ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ.

ಕೊನೆಗೆ, ಪತ್ರ ಬರೆಯದ ಓದುಗರಿಗೂ ಒಂದು ಮಾತು. ಚಿಕ್ಕ ಮನೆಯಲ್ಲಿ ಜನ ಕಡಿಮೆ, ಹಾಗೆಯೇ ನೋಡುವ ಕಣ್ಣೂ ಕಡಿಮೆ. ಅಧಿಕಾರಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಪಕ್ಕದ ಮನೆಯವರು ದಿನಾ ಇರುತ್ತಾರೆ. ನಿಮ್ಮ ಬೀದಿಯಲ್ಲಿ ಅಂಥ ಮನೆ ಇದ್ದರೆ ಈ ಸಂಕ್ರಾಂತಿಗೆ ಎಳ್ಳು ಬೀರಲು ಹೊರಟಾಗ ಅದರ ಬಾಗಿಲನ್ನೂ ತಟ್ಟಿ. ಗೇಟಿನಲ್ಲೇ ತಟ್ಟೆ ಇಸಿದುಕೊಂಡು ಕಳಿಸಿದರೆ ಸುಮ್ಮನಾಗಬೇಡಿ, ಮರುದಿನ ಮತ್ತೆ ಹೋಗಿ.