ಉತ್ತರವಿಲ್ಲದ ಪ್ರಾರ್ಥನೆಯೂ ಅಜ್ಞೇಯವಾದವೂ

ದೇವರು ಉಂಟೆಂಬವನು ಆಸ್ತಿಕ, ಇಲ್ಲವೆಂಬವನು ನಾಸ್ತಿಕ. ‘ನಾನರಿಯೆ’ ಎಂಬ ಮೂರನೆಯವನ ನಿಲುವಿಗೆ 1869ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ವಿಜ್ಞಾನಿ ಹಕ್ಸ್‌ಲಿ. ಕನ್ನಡದಲ್ಲಿ ಅದನ್ನು ಅಜ್ಞೇಯವಾದವೆನ್ನುತ್ತೇವೆ.

ಪಾದ್ರಿಯಾಗಲೆಂದು ತಂದೆ ಕೇಂಬ್ರಿಜಿಗೆ ಕಳಿಸಿದ್ದ ಚಾರ್ಲ್ಸ್ ಡಾರ್ವಿನ್ನನು 1879ರಲ್ಲಿ ತನ್ನ ಮನಃಸ್ಥಿತಿಗೆ ಇದೇ ಹೆಸರು ಕೊಟ್ಟನು. ಅವನ ಕ್ರೈಸ್ತ ಶ್ರದ್ಧೆ ಒಂದೇ ದಿನ ಮುರಿಯಲಿಲ್ಲ, ಮೆಲ್ಲಮೆಲ್ಲನೆ ಸವೆಯಿತು. 1851ರಲ್ಲಿ ಹತ್ತು ವರುಷದ ಮಗಳು ಆ್ಯನಿ ತೀರಿಕೊಂಡಳು. ಅದೇ ದುಃಖವನ್ನುಂಡ ಮಡದಿ ಎಮ್ಮಾ ಮಾತ್ರ ನಂಬಿಕೆಯನ್ನು ಬಿಡಲಿಲ್ಲ. ಆದುದರಿಂದ ದುಃಖವೊಂದೇ ಈ ಪ್ರಶ್ನೆಯನ್ನು ತೀರ್ಮಾನಿಸದು.

ಕ್ರೈಸ್ತ ಮನೆಯಲ್ಲಿ ಬೆಳೆದು ಈಗ ಪ್ರಾರ್ಥಿಸಲಾರದ ನನಗೆ ಇದು ಬರಿಯ ಪುಸ್ತಕದ ವಿಷಯವಲ್ಲ. ನಮ್ಮ ತಿಕೋಟಾ, ಬಬಲೇಶ್ವರಗಳ ಕಡೆಯನ್ನೇ ನೋಡೋಣ. ಅಲ್ಲಿ ಮಳೆಗಾಗಿ ಬೇಡದ ಮತದವರಿಲ್ಲ. ಇಂದು ತುಬಚಿ-ಬಬಲೇಶ್ವರ ಏತ ನೀರಾವರಿಯು ಕೃಷ್ಣೆಯ ನೀರನ್ನು ಮೇಲೆತ್ತಿ ತರುತ್ತದೆ. ಭಕ್ತನು ಇದನ್ನೇ ದೇವರ ಉತ್ತರವೆಂದಾನು. ನಾನು ಮನುಷ್ಯರ ದುಡಿಮೆಯೆಂದೇನು. ದೊರೆತರೆ ಕರುಣೆ, ದೊರೆಯದಿದ್ದರೆ ಪರೀಕ್ಷೆ ಎಂದಮೇಲೆ ಪ್ರಾರ್ಥನೆಯ ಫಲದಿಂದ ದೇವರನ್ನು ಸಾಧಿಸಲಾಗದು. ಹಾಗೆಯೇ, ಮೌನದಿಂದ ದೇವರಿಲ್ಲವೆಂದೂ ಸಾಧಿಸಲಾಗದು. ಗೆತ್ಸೇಮನೆ ತೋಟದಲ್ಲಿ ಯೇಸು ಬೇಡಿಕೊಂಡರೂ ಕಷ್ಟದ ಪಾತ್ರೆ ತೊಲಗಲಿಲ್ಲ. ಆದರೂ ಆತನು ತಂದೆಯನ್ನು ಕರೆಯುವುದನ್ನು ನಿಲ್ಲಿಸಲಿಲ್ಲ.

ಎರಡೂ ಕಡೆ ನನಗೆ ಆಧಾರ ಸಾಲದು. ವಿಜಯಪುರದ ಚರ್ಚಿನಲ್ಲಿ ತಾಯಿಯ ಪಕ್ಕದಲ್ಲಿ ಈಗಲೂ ಕುಳಿತುಕೊಳ್ಳುತ್ತೇನೆ. ಆಕೆಯ ಪ್ರಾರ್ಥನೆಯನ್ನು ಅಲ್ಲಗಳೆಯೆನು. ಆದರೆ ಕೊನೆಯಲ್ಲಿ ‘ಆಮೆನ್’ ಎನ್ನಲಾರೆನು. ಆಕೆ ಅದನ್ನು ಗಮನಿಸಿದ್ದಾಳೆ.