ಬಿದ್ದ ಮೇಲೆ ಔಷಧ, ಬೀಳುವ ಮೊದಲೇ ಆಸರೆ



ತೊಗರಿ ಗಿಡ ಸೊರಗು ರೋಗದಿಂದ ಬಾಡಿದ ಮೇಲೆ ಏನು ಹೊಡೆದರೂ ಆ ಗಿಡ ಚೇತರಿಸದು. ಆದ್ದರಿಂದಲೇ ಬಿತ್ತುವ ಮೊದಲು ಬೀಜೋಪಚಾರ ಮಾಡಿರೆಂದು ಹೇಳುತ್ತೇವೆ. ಮುಪ್ಪಿನವರು ಜಾರಿ ಬೀಳುವ ಮಾತೂ ಹೀಗೆಯೇ. ಬಿದ್ದು ಎಲುಬು ಮುರಿದ ಮೇಲೆ ಪಡುವ ಪಾಡಿಗಿಂತ ಬೀಳದಂತೆ ನೋಡಿಕೊಳ್ಳುವ ಶ್ರಮ ಬಹಳ ಕಡಿಮೆ. ಈ ಸಲದ ಪಾಠ ಅದರ ಬಗ್ಗೆ. ಅದರಲ್ಲಿಯೂ ಸೈನ್ಯದಿಂದ ಊರಿಗೆ ಮರಳಿ ಒಕ್ಕಲುತನ ಹಿಡಿದ ಹಿರಿಯರ ಬಗ್ಗೆ.

1971ರ ಯುದ್ಧದ ಕಾಲದಲ್ಲಿ 20 ವರ್ಷದವರಾಗಿದ್ದ ಸಿಪಾಯಿಗಳು ಈಗ 70 ದಾಟಿದ್ದಾರೆ. ಇಂಥವರಿಗೆ ಇನ್ನೊಬ್ಬರ ಕೈ ಹಿಡಿಯುವುದೆಂದರೆ ಸಂಕೋಚ. "ಗುಡ್ಡ ಹತ್ತಿ ಇಳಿದವನಿಗೆ ಬಚ್ಚಲಿಗೆ ಹೋಗಲು ಕೋಲು ಯಾಕೆ?" ಎನ್ನುತ್ತಾರೆ. ಆದರೆ ವಯಸ್ಸು ಯಾರ ಹುದ್ದೆಯನ್ನೂ ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 65 ದಾಟಿದ ನೂರು ಜನರಲ್ಲಿ 28ರಿಂದ 35 ಮಂದಿ ಪ್ರತಿ ವರ್ಷ ಬೀಳುತ್ತಾರೆ.

ಕಾಯ್ದೆ ಏನು ಹೇಳುತ್ತದೆ?

ಅಮೆರಿಕದ ಸಂಸತ್ತಿನಲ್ಲಿ 2025ರಲ್ಲಿ ಇದಕ್ಕೆಂದೇ ಒಂದು ಮಸೂದೆ ಮಂಡನೆಯಾಯಿತು. ಮಾಜಿ ಸೈನಿಕರ ಇಲಾಖೆಯಲ್ಲಿ, ಅವರು ಬೀಳದಂತೆ ತಡೆಯುವ ಕೆಲಸಕ್ಕೆ ಒಂದು ಪ್ರತ್ಯೇಕ ಕಚೇರಿ ಇರಬೇಕೆಂಬುದು ಅದರ ತಿರುಳು. ನಮ್ಮ ಕಾಯ್ದೆಗಳು ಬೇರೆ ದಾರಿಯಿಂದ ಹಿರಿಯರ ನೆರವಿಗೆ ಬರುತ್ತವೆ. ಅವುಗಳನ್ನು ತಾವು ತಿಳಿದಿರಬೇಕು.

2007ರ ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ ಪೋಷಣೆ ಎಂದರೆ ಬರೀ ಊಟ, ಬಟ್ಟೆ ಅಲ್ಲ. ವಾಸ ಮತ್ತು ವೈದ್ಯೋಪಚಾರವೂ ಅದರಲ್ಲಿ ಸೇರಿದೆ. ಸರಕಾರಿ ಆಸ್ಪತ್ರೆಯಲ್ಲಿ 60 ತುಂಬಿದವರಿಗೆ ಪ್ರತ್ಯೇಕ ಸಾಲು ಇರಬೇಕೆಂದೂ ಅದು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸಾರ್ವಜನಿಕ ಕಟ್ಟಡಗಳು ಎಲ್ಲರೂ ಸುಲಭವಾಗಿ ಹತ್ತಿ ಇಳಿಯುವಂತೆ ಇರಬೇಕೆಂದು ವಿಧಿಸಿದೆ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಿಂದ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಇದೆ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಊರುಗೋಲು, ವಾಕರ್, ಕನ್ನಡಕ ಕೊಡಲು ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಆರಂಭವಾಯಿತು.

ಆದರೆ ಬಾಂಧವರೇ, ಇವುಗಳಲ್ಲಿ ಯಾವ ಕಾಯ್ದೆಯೂ ತಮ್ಮ ಮನೆಯ ಬಚ್ಚಲಿನ ಪಾಚಿ ತಿಕ್ಕಲು ಬರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವೇನು? ಬೀಳದಂತೆ ಕಾಯುವ ಕಾಯ್ದೆಯನ್ನು ಪ್ರತಿ ಮನೆಯವರೂ ತಾವೇ ಮಾಡಿಕೊಳ್ಳಬೇಕು. ಅದರ ಕಲಮುಗಳು ಇವು:

1. ಬಚ್ಚಲು. ನಮ್ಮ ಮನೆಗಳಲ್ಲಿ ಹಾಸಿದ ಶಹಾಬಾದ್ ಬಂಡೆ ಸಾಬೂನಿನ ನೀರು ಬಿದ್ದರೆ ಬಲು ಜಾರುತ್ತದೆ. ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ. ಬಚ್ಚಲಿನಲ್ಲಿಯೂ ಪಾಯಿಖಾನೆಯಲ್ಲಿಯೂ ಗೋಡೆಗೆ ಕಬ್ಬಿಣದ ಹಿಡಿಕೆಯೊಂದನ್ನು ಸಿಮೆಂಟಿನಲ್ಲಿ ಭದ್ರವಾಗಿ ಕೂಡಿಸಿರಿ. ಕುಳಿತು ಏಳುವಾಗ ಅದೇ ಆಸರೆ.

2. ಬೆಳಕು. ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವವರು ಅನೇಕರು. ಮಂಚದಿಂದ ಬಚ್ಚಲಿನವರೆಗೆ ದಾರಿಯಲ್ಲಿ ಸಣ್ಣ ದೀಪವಿರಲಿ. ಕರೆಂಟು ಹೋದರೆ ಕೈಗೆ ಸಿಗುವಂತೆ ಬ್ಯಾಟರಿ ದಿಂಬಿನ ಬಳಿ ಇರಲಿ.

3. ದಾರಿ. ಎತ್ತರದ ಹೊಸ್ತಿಲಿಗೆ ಸುಣ್ಣದ ಬಿಳಿ ಪಟ್ಟೆ ಹಚ್ಚಿರಿ. ಹಗ್ಗ, ಕೊಡ, ಹತ್ತಿಯ ಗಂಟು, ಮೆಣಸಿನಕಾಯಿ ಚೀಲ ನಡೆಯುವ ದಾರಿಯಲ್ಲಿ ಬೇಡ.

4. ಕಾಲು. ಸವೆದ ಚಪ್ಪಲಿ ಬಿಡಿಸಿರಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಮೇಲು. ಮಳೆಗಾಲದಲ್ಲಿ ದೇವದುರ್ಗದ ಎರೆ ಹೊಲಕ್ಕೂ ಮಾನ್ವಿಯ ಕಾಲುವೆ ನೀರಿನ ಗದ್ದೆಯ ಬದುವಿಗೂ ಹಿರಿಯರನ್ನು ಒಬ್ಬರನ್ನೇ ಕಳಿಸಬೇಡಿರಿ.

5. ಕಣ್ಣು ಮತ್ತು ಗುಳಿಗೆ. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಿರಿ. ರಕ್ತದೊತ್ತಡದ ಮತ್ತು ನಿದ್ರೆಯ ಗುಳಿಗೆಗಳಿಂದ ಕೆಲವರಿಗೆ ತಲೆ ತಿರುಗುತ್ತದೆ. ಗುಳಿಗೆಯನ್ನು ತಾವಾಗಿ ಬಿಡಬಾರದು, ವೈದ್ಯರಿಗೆ ಹೇಳಬೇಕು. ಎಚ್ಚರವಾದ ಕೂಡಲೇ ಎದ್ದು ನಡೆಯದೆ, ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಏಳಬೇಕು.

6. ಕವಾಯತು. ಕೂತಲ್ಲೇ ಕೂತರೆ ಕಾಲಿನ ಸ್ನಾಯು ಕರಗುತ್ತದೆ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿಯಿಂದ ದಿನವೂ ಹತ್ತು ಸಲ ಎದ್ದು ಕೂಡಬೇಕು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬೇಕು. ಕೋಲು ಹಿಡಿಯಲು ಒಪ್ಪದ ಹಳೆಯ ಸಿಪಾಯಿಯೂ ಕವಾಯತು ಎಂದರೆ ಒಪ್ಪಿಯಾರು. ಮೊಮ್ಮಕ್ಕಳು ಜೊತೆಗೆ ನಿಂತು ಎಣಿಸಲಿ.

ಒಂದು ವೇಳೆ ಬಿದ್ದರೆ?

ಗಾಬರಿಯಿಂದ ಎತ್ತಿ ನಿಲ್ಲಿಸಬೇಡಿರಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ತೊಡೆಯ ಸಂದಿನ ಎಲುಬು ಮುರಿದಿರುವ ಸಂಭವವಿದೆ. ಅಂಥ ಕಾಲನ್ನು ಎಳೆಯಬಾರದು, ತಿಕ್ಕಬಾರದು. ಅಲುಗದಂತೆ ಮಲಗಿಸಿ 108ಕ್ಕೆ ಫೋನು ಮಾಡಿರಿ. ಮಾನ್ವಿಯಿಂದಲೂ ದೇವದುರ್ಗದಿಂದಲೂ ರಾಯಚೂರು ನಗರಕ್ಕೆ ಸುಮಾರು 50 ಕಿಲೋಮೀಟರು. ಅಲ್ಲಿಯ ರಿಮ್ಸ್ ಆಸ್ಪತ್ರೆಗೆ ಬೇಗ ತಲುಪಿದಷ್ಟೂ ಒಳ್ಳೆಯದು. ಎಲುಬು ಮುರಿದು ವಾರಗಟ್ಟಲೆ ಹಾಸಿಗೆ ಹಿಡಿದ ಮುದುಕರಿಗೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ; ಅನೇಕರು ಮತ್ತೆ ಏಳುವುದೇ ಇಲ್ಲ. ಮನೆಯಲ್ಲಿ ಒಬ್ಬರು ಅವರ ಹತ್ತಿರವೇ ಇರಬೇಕಾಗುವುದರಿಂದ ಹೊಲದ ಕೆಲಸವೂ ನಿಲ್ಲುತ್ತದೆ. ಹಿರಿಯರ ಹಕ್ಕಿನ ವಿಷಯ ಕೇಳಬೇಕಾದರೆ 14567 ಎಂಬ ಸಹಾಯವಾಣಿಗೆ ಖರ್ಚಿಲ್ಲದೆ ಫೋನು ಮಾಡಬಹುದು.

ಗ್ರಾಮಸಭೆಯಲ್ಲಿ ಕೇಳತಕ್ಕ ಮಾತು

ನಮ್ಮ ಪಂಚಾಯತಿ ಕಚೇರಿ, ನ್ಯಾಯಬೆಲೆ ಅಂಗಡಿ, ಆರೋಗ್ಯ ಕೇಂದ್ರ ಇವುಗಳ ಮೆಟ್ಟಿಲಿಗೆ ಹಿಡಿದು ಹತ್ತುವ ಕಂಬಿ ಇದೆಯೇ? ಇಳಿಜಾರು ದಾರಿ ಇದೆಯೇ? ಬೋರಿಂಗಿನ ಸುತ್ತ ಪಾಚಿ ಕಟ್ಟಿದೆಯೇ? ಇಲ್ಲದ್ದನ್ನು ಮಾಡಿಸಲು, ಇರುವ ಪಾಚಿ ತೆಗೆಸಲು ಠರಾವು ಮಾಡಿಸಿರಿ. 2016ರ ಕಾಯ್ದೆಯ ಹೆಸರು ಹೇಳಿ ಕೇಳಿರಿ. ಇದು ಬೇಡಿಕೊಳ್ಳುವ ಮಾತಲ್ಲ, ಹಕ್ಕಿನ ಮಾತು.

ಗಡಿ ಕಾದವರ ಹೆಸರಿನಲ್ಲಿ ಜಯಕಾರ ಹಾಕುವುದು ಒಳ್ಳೆಯದೇ. ಅದರ ಜೊತೆಗೆ ಈ ವಾರವೇ ಅವರ ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಕೂಡಿಸಿರಿ.