ನುಂಗಿದ್ದು ನಾಣ್ಯವೋ, ಸೆಲ್ಲೋ? ಗಂಡಾಂತರ ಗೆಲ್ಲುವ ಏಳು ಸೂತ್ರಗಳು

ನುಂಗಿದ ವಸ್ತುಗಳಲ್ಲಿ ಹೆಚ್ಚಿನವು ತಾವಾಗಿಯೇ ಮಲದಲ್ಲಿ ಬಿದ್ದುಹೋಗುತ್ತವೆ. ಕೆಲವು ಮಾತ್ರ ಒಳಗೇ ಕೊರೆದು ರಕ್ತ ಹರಿಸುತ್ತವೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು ಎಂಬುದು ಗೊತ್ತಿದ್ದರೆ ಅರ್ಧ ಗೆದ್ದಂತೆ.

1. ಮೊದಲು ಉಸಿರು ನೋಡಿ. ಕೆಮ್ಮಲು, ಮಾತಾಡಲು ಆಗದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲ್ಭಾಗಕ್ಕೆ ಐದು ಸಲ ಬಲವಾಗಿ ಹೊಡೆಯಿರಿ. 108ಕ್ಕೆ ಕರೆ ಮಾಡಿಸಿ.

2. ಬಟನ್ ಸೆಲ್ ಆದರೆ ನಿಲ್ಲಬೇಡಿ. ಅನ್ನನಾಳದಲ್ಲಿ ಸಿಕ್ಕಿದ ಸೆಲ್ ವಿದ್ಯುತ್ ಹರಿಸಿ ಕ್ಷಾರ ಹುಟ್ಟಿಸುತ್ತದೆ. 2 ಗಂಟೆಯೊಳಗೇ ಸುಡುತ್ತದೆ. ವರ್ಷ ದಾಟಿದ ಮಗು ನುಂಗಬಲ್ಲದಾದರೆ ದಾರಿಯಲ್ಲೇ 10 ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಿ, ಆರು ಸಲ ಮೀರದಂತೆ. ಜೇನು ಹುಡುಕುತ್ತ ಕೂರಬೇಡಿ. ಸೆಲ್ ತೆಗೆದು ವಾರಗಳಾದ ಮೇಲೂ ರಕ್ತ ಒಸರಬಹುದು. ಬಾಯಲ್ಲಿ ತುಸು ರಕ್ತ ಕಂಡರೂ ಮತ್ತೆ ಆಸ್ಪತ್ರೆಗೆ ಹೋಗಿ.

3. ಆಯಸ್ಕಾಂತ ಎಷ್ಟೆಂದು ಎಣಿಸಿ. ಎರಡಿದ್ದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ಅಮುಕಿ ತೂತು ಮಾಡುತ್ತವೆ. ಮಗು ಆಡಿಕೊಂಡಿದೆಯೆಂದು ಸುಮ್ಮನಿರಬೇಡಿ.

4. ಅನ್ನದ ಉಂಡೆ ಬೇಡ. ಗಂಟಲಿಗೆ ಮೀನಿನ ಮುಳ್ಳು ಚುಚ್ಚಿದರೆ ಉಂಡೆ, ಬಾಳೆಹಣ್ಣು ನುಂಗಿಸಲು ಹೋಗಬೇಡಿ. ಮುಳ್ಳು ಇನ್ನಷ್ಟು ಆಳಕ್ಕೆ ಇಳಿಯಬಹುದು. ವಾಂತಿಯನ್ನೂ ಮಾಡಿಸಬೇಡಿ.

5. ಅದೇ ತರಹದ ಇನ್ನೊಂದು ವಸ್ತು ಜೊತೆಗೊಯ್ಯಿರಿ. ಎಕ್ಸ್-ರೇಯಲ್ಲಿ ಸೆಲ್‌ಗೆ ಜೋಡಿ ಅಂಚು ಕಾಣುತ್ತದೆ, ನಾಣ್ಯಕ್ಕಿಲ್ಲ. ಪ್ಲಾಸ್ಟಿಕ್, ಕಟ್ಟಿಗೆ, ಸಣ್ಣ ಮುಳ್ಳು ಕಾಣದೆಯೂ ಹೋಗಬಹುದು.

6. ಮಲದ ಬಣ್ಣ ನೋಡಿ. ಅಂಟಂಟು ಕಪ್ಪು ಮಲ, ಕಾಫಿ ಚರಟದ ಬಣ್ಣದ ವಾಂತಿ ಒಳಗಿನ ರಕ್ತಸ್ರಾವದ ಗುರುತು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ವೈದ್ಯರಿಗೆ ಹೇಳಿ. ಹೊಟ್ಟೆ ಗಟ್ಟಿಯಾಗಿ ಜ್ವರ ಬಂದರೆ ತಡಮಾಡಬೇಡಿ.

7. ಬೈಯಬೇಡಿ, ಕೇಳಿ. 2022ರಲ್ಲಿ ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯ ವೈದ್ಯರು ಒಬ್ಬರ ಹೊಟ್ಟೆಯಿಂದ 187 ನಾಣ್ಯ ತೆಗೆದರು: ಐದರವು 56, ಎರಡರವು 51, ಒಂದರವು 80. ಒಟ್ಟು 462 ರೂಪಾಯಿ! ಅವರಿಗೆ ಮಾನಸಿಕ ಕಾಯಿಲೆಯಿತ್ತು. ಮತ್ತೆ ಮತ್ತೆ ನುಂಗುವವರಿಗೆ ಮನೋವೈದ್ಯರೂ ಬೇಕು. ಬೈಗುಳಕ್ಕೆ ಅಂಜಿದ ಮಗು ನುಂಗಿದ್ದನ್ನು ಮುಚ್ಚಿಡುತ್ತದೆ. ಆ ಮೌನದಲ್ಲಿ ಕಳೆದ ಗಂಟೆಯನ್ನು ಯಾವ ವೈದ್ಯರೂ ಮರಳಿ ಕೊಡಲಾರರು.

ಕೊನೆಗೊಂದು ಮಾತು: ನೀವು ತುಂಗಭದ್ರೆಯ ದಂಡೆಯ ಕುಮಾರಪಟ್ಟಣದವರಾದರೆ, ಹೊಳೆ ದಾಟಿ ಹರಿಹರದ ಮೇಲೆ ದಾವಣಗೆರೆಯೋ, ಇತ್ತ ರಾಣೆಬೆನ್ನೂರೋ? ರಾತ್ರಿ ಎಂಡೋಸ್ಕೋಪಿ ಎಲ್ಲಿ ಸಿಗುತ್ತದೆಂದು ಇವತ್ತೇ ವಿಚಾರಿಸಿ, ನಂಬರು ಬರೆದಿಡಿ.